ನೆಟ್ಟಗೆ ಸಾರ್ ಮತ್ತು ಅತ್ತೆಯ ಎಕ್ಸ್‌ರೇ

ನನ್ನ ಗಂಡನಿಗೆ ಆಸ್ಪತ್ರೆಯವರು ಇಟ್ಟಿರುವ ಹೆಸರು ‘ನೆಟ್ಟಗೆ ಸಾರ್’. ಇಪ್ಪತ್ತೊಂಬತ್ತು ವರ್ಷದಿಂದ ಎಕ್ಸ್‌ರೇ ಕೋಣೆಯಲ್ಲಿ ನಿಂತು ದಿನಕ್ಕೆ ನಲವತ್ತು ಐವತ್ತು ಜನರಿಗೆ ‘ನೆಟ್ಟಗೆ ಮಲಗಿ, ನೆಟ್ಟಗೆ ನಿಲ್ಲಿ, ನೆಟ್ಟಗೆ ಉಸಿರು ಹಿಡೀರಿ’ ಎನ್ನುವ ಮನುಷ್ಯನಿಗೆ ಬೇರೆ ಯಾವ ಹೆಸರು ತಾನೇ ಇಟ್ಟಾರು? ಉಸಿರನ್ನು ನೆಟ್ಟಗೆ ಹಿಡಿಯುವುದು ಹೇಗೆ ಎಂದು ನಾನೊಮ್ಮೆ ಕೇಳಿದ್ದೆ. ತಮಾಷೆ ಇವರ ತಲೆಗೆ ಹೋಗುವುದು ಸ್ವಲ್ಪ ನಿಧಾನ. ಎದೆ ಉಬ್ಬಿಸಿ ಹಿಡಿದು ತೋರಿಸಿಯೇ ಬಿಟ್ಟರು.

ಮನೆಯಲ್ಲೂ ಅದೇ ಕಥೆ. ಗೋಡೆಯ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದ್ದರೂ ಇವರಿಗೆ ಊಟ ಸೇರುವುದಿಲ್ಲ. ನೆಂಟರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುವಷ್ಟರಲ್ಲಿ ಇವರು ಹೊರಗೆ ಹೋಗಿ ಅವನ್ನೆಲ್ಲ ಸಾಲಾಗಿ ಜೋಡಿಸಿ ಬಂದಿರುತ್ತಾರೆ. ಬೀದಿಯಲ್ಲಿ ನಡೆಯುವಾಗ ಎಲ್ಲರೂ ಅಂಗಡಿ ನೋಡಿದರೆ ಇವರು ನೋಡುವುದು ಎದುರಿಗೆ ಬರುವವರ ಸೊಂಟ. ತಪ್ಪು ತಿಳಿಯಬೇಡಿ, ‘ಬಲಗಡೆ ಕೀಲು ಸವೆದಿದೆ, ಇನ್ನೆರಡು ವರ್ಷದಲ್ಲಿ ನಮ್ಮಲ್ಲಿಗೆ ಬರ್ತಾರೆ’ ಎಂದು ನನ್ನ ಕಿವಿಯಲ್ಲಿ ಭವಿಷ್ಯ ಹೇಳುವುದಕ್ಕೆ. ನನ್ನನ್ನು ಮೊದಲು ಕಂಡದ್ದೂ ಎಕ್ಸ್‌ರೇ ಕೋಣೆಯಲ್ಲೇ. ಕೆಲಸಕ್ಕೆ ಸೇರುವ ಮೊದಲು ಎದೆಯ ಎಕ್ಸ್‌ರೇ ಬೇಕೆಂದಿದ್ದರು, ಹೋಗಿದ್ದೆ. ಬೇರೆ ಹುಡುಗಿಯರಿಗೆ ಕಣ್ಣು ಚೆನ್ನಾಗಿದೆ, ನಗು ಚೆನ್ನಾಗಿದೆ ಎಂದು ಹೇಳುವವರು ಸಿಗುತ್ತಾರೆ. ನನಗೆ ಸಿಕ್ಕವರು ‘ನಿಮ್ಮ ಬಲಭುಜ ಸ್ವಲ್ಪ ಕೆಳಗಿದೆ, ಬ್ಯಾಗನ್ನ ಎಡಕ್ಕೆ ಹಾಕ್ಕೊಳ್ಳಿ’ ಎಂದರು. ಬ್ಯಾಗು ಎಡಕ್ಕೆ ಹೋಯಿತು, ಅದರ ಹಿಂದೆ ನಾನೂ ಹೋದೆ.

ಆದರೆ ಕೆಲಸದ ವಿಷಯಕ್ಕೆ ಬಂದರೆ ನಾನು ಬಾಯಿ ಮುಚ್ಚಿಕೊಳ್ಳಬೇಕು. ಸೊಂಟದ ಎಕ್ಸ್‌ರೇ ತೆಗೆಯುವುದರಲ್ಲಿ ಇವರ ಸಮ ಇಲ್ಲ ಎಂದು ಹೇಳುವವಳು ನಾನಲ್ಲ, ಆಸ್ಪತ್ರೆಯ ಮೂಳೆ ಡಾಕ್ಟರು. ಇವರದು ಒಂದೇ ಕ್ರಮ. ರೋಗಿ ಮೇಜಿನ ಮೇಲೆ ಮಲಗಿದ ಮೇಲೆ ‘ಕೈ ಇಡ್ತೀನಿ’ ಎಂದು ಹೇಳಿ ಒಪ್ಪಿಗೆ ಪಡೆಯುವುದು. ಆಮೇಲೆ ಸೊಂಟದ ಮುಂಭಾಗದಲ್ಲಿ ಎರಡೂ ಕಡೆ ಗುಬಟಿನ ಹಾಗೆ ಕೈಗೆ ಸಿಗುವ ಮೂಳೆಗಳ ಮೇಲೆ ಎರಡು ಹೆಬ್ಬೆರಳು ಇಟ್ಟು, ಎರಡೂ ಒಂದೇ ಎತ್ತರದಲ್ಲಿವೆಯೇ ಎಂದು ಬಗ್ಗಿ ನೋಡುವುದು. ಆಮೇಲೆ ಕಾಲಿನ ಹೆಬ್ಬೆರಳುಗಳನ್ನು ಹತ್ತಿರ ತಂದು, ಹಿಮ್ಮಡಿಗಳನ್ನು ದೂರ ಇಟ್ಟು, ಪಾದಗಳ ಪಕ್ಕಕ್ಕೆ ಮರಳಿನ ಚೀಲ ಒತ್ತರಿಸುವುದು. ಇಷ್ಟು ಮಾಡದೆ ಇವರು ಗುಂಡಿ ಒತ್ತಿದವರಲ್ಲ. ಬಂದವರು ದೊಡ್ಡ ಅಧಿಕಾರಿಯೇ ಆಗಲಿ, ಒದರಾಡುವ ಕುಡುಕನೇ ಆಗಲಿ, ಹೆಬ್ಬೆರಳು ಇಡಲೇಬೇಕು. ಹೆಂಗಸರಾದರೆ ಪಕ್ಕದಲ್ಲಿ ಸಹಾಯಕಿಯೋ ಮನೆಯವರೋ ಇರುತ್ತಾರೆ. ಕಣ್ಣು ಸುಳ್ಳು ಹೇಳುತ್ತೆ, ಹೆಬ್ಬೆರಳು ಹೇಳಲ್ಲ ಎನ್ನುವುದು ಇವರ ವೇದವಾಕ್ಯ. ಹೊಸದಾಗಿ ಕೆಲಸ ಕಲಿಯಲು ಬಂದವರಿಗೆ ಇದನ್ನು ಎಷ್ಟು ಸಲ ಹೇಳಿದ್ದಾರೆಂದರೆ, ಅವರು ಮದುವೆಗೆ ಕರೆಯಲು ಬಂದಾಗಲೂ ಹೆಬ್ಬೆರಳು ಎತ್ತಿ ನಮಸ್ಕಾರ ಹೇಳುತ್ತಾರೆ.

ಆ ಕೋಣೆಯ ಬಾಗಿಲ ಪಕ್ಕದಲ್ಲಿ ದಾರ ಕಟ್ಟಿ ತೂಗುಹಾಕಿದ ಉದ್ದನೆಯ ಪುಸ್ತಕವೊಂದಿದೆ, ರಿಪೀಟ್ ಪುಸ್ತಕ. ಒಮ್ಮೆ ತೆಗೆದ ಎಕ್ಸ್‌ರೇ ಸರಿಯಾಗದೆ ಮತ್ತೆ ತೆಗೆದರೆ, ಯಾವ ಭಾಗ, ಏನು ಕಾರಣ ಎಂದು ಅದರಲ್ಲಿ ಬರೆದು ಸಹಿ ಹಾಕಬೇಕು. ಒಬ್ಬರ ಮೈಗೆ ಸುಮ್ಮನೆ ಎರಡು ಸಲ ಕಿರಣ ಬಿಡಬಾರದಲ್ಲ, ಅದಕ್ಕೆ. ಪುಸ್ತಕದ ಮೊದಲ ಪುಟದಿಂದ ಕಾರಣದ ಜಾಗದಲ್ಲಿ ಇದ್ದದ್ದು ಒಂದೇ ವಾಕ್ಯ: ‘ರೋಗಿ ಅಲುಗಾಡಿದರು.’ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಈ ಪುಸ್ತಕ ನೋಡಿದರೆ ನಮ್ಮ ಊರಿನವರಿಗೆಲ್ಲ ನಡುಕದ ಕಾಯಿಲೆ ಅಂದುಕೊಳ್ಳಬೇಕು ಎಂದು ಇವರು ನಗುತ್ತಿದ್ದರು. ನಗುವ ಹಕ್ಕೂ ಇತ್ತು. ಈಗಿನ ಯಂತ್ರ ಬಂದು, ಈ ಪುಸ್ತಕ ತೂಗುಹಾಕಿ ಹದಿನೇಳು ವರ್ಷ. ಇವರ ಸಹಿ ಅದರಲ್ಲಿ ಒಂದೇ ಒಂದು ಕಡೆಯೂ ಇರಲಿಲ್ಲ.

ಇನ್ನು ನನ್ನ ಅಮ್ಮನ ವಿಷಯ. ಅಮ್ಮ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗುರುತು ಪರಿಚಯ ಇಲ್ಲದ ಸಾವಿರಾರು ಜನರನ್ನು ಒಬ್ಬರಿಗೊಬ್ಬರು ಮಾತಾಡಿಸಿದವಳು. ಅಂಥವಳು ಸ್ವಂತ ಅಳಿಯನ ಜೊತೆ ಮಾತ್ರ ನೇರವಾಗಿ ಮಾತಾಡಿದವಳಲ್ಲ. ಜಗಳ ಗಿಗಳ ಏನಿಲ್ಲ. ಇವರ ಮೇಲೆ ಅವಳಿಗೆ ಗೌರವ, ಅವಳ ಮೇಲೆ ಇವರಿಗೆ ಗೌರವ. ಗೌರವ ಜಾಸ್ತಿಯಾಗಿ ಗಂಟಲಲ್ಲೇ ಸಿಕ್ಕಿಹಾಕಿಕೊಂಡಿದೆ, ಅಷ್ಟೇ. ಎರಡಡಿ ದೂರದ ಕುರ್ಚಿಯಲ್ಲಿ ಕುಳಿತವರಿಗೆ ‘ಅಳಿಯಂದಿರಿಗೆ ಕಾಫಿ ಬೇಕಾ ಕೇಳು’ ಎಂದು ಅಡುಗೆಮನೆಯಲ್ಲಿರುವ ನನಗೆ ಕೂಗುತ್ತಾಳೆ. ಇವರು ‘ಬೇಡ ಅಂತ ಹೇಳು’ ಎಂದು ನನಗೇ ಕೂಗುತ್ತಾರೆ. ಇಪ್ಪತ್ತಾರು ವರ್ಷದಿಂದ ಸಂಬಳವಿಲ್ಲದ ಎಕ್ಸ್‌ಚೇಂಜ್ ನಾನು.

ಎರಡು ವರ್ಷದ ಹಿಂದೆ ಅಮ್ಮನ ಎಡ ಸೊಂಟದ ಕೀಲು ಕೆಟ್ಟಿತು. ಇವರು ಅದನ್ನು ಮೊದಲೇ ಕಂಡಿದ್ದರು. ‘ನಿಮ್ಮಮ್ಮ ಎಡಕ್ಕೆ ವಾಲ್ತಿದ್ದಾರೆ’ ಎಂದು ನನಗೆ ಹೇಳಿದ್ದರು, ಅವಳಿಗೆ ಹೇಳುವುದು ನನ್ನ ಪಾಲಿಗೆ ಬಂತು. ನೋವು ತಡೆಯಲಾರದೆ ಕೊನೆಗೆ ಅಮ್ಮ ಆಪರೇಷನ್ನಿಗೆ ಒಪ್ಪಿದಳು. ಮೂಳೆ ಡಾಕ್ಟರು, ಕೈಗೆ ಸಿಕ್ಕ ಕಾಗದದ ಹಿಂಬದಿಯಲ್ಲೆಲ್ಲ ಚಿತ್ರ ಬರೆಯುವ ಮನುಷ್ಯ, ಔಷಧಿ ಚೀಟಿಯ ಹಿಂದೆ ಬರೆದು ತೋರಿಸಿದರು. ಸವೆದ ಕೀಲು ತೆಗೆದು ಒಂದು ಬಟ್ಟಲು ಕೂರಿಸುತ್ತಾರೆ. ಬಟ್ಟಲೊಳಗೆ ತಿರುಗುವ ಒಂದು ಗುಂಡು. ಆ ಗುಂಡಿಗೆ ಹಿಡಿಕೆಯಂಥ ಒಂದು ಕಾವು, ಅದನ್ನು ತೊಡೆಯ ಮೂಳೆಯೊಳಗೆ ಇಳಿಸುತ್ತಾರೆ. ಬಟ್ಟಲಿನ ಬಾಯಿ ಇಷ್ಟೇ ಓರೆ ಇರಬೇಕು, ತೀರಾ ಮುಂದಕ್ಕೋ ಹಿಂದಕ್ಕೋ ತಿರುಗಿದರೆ ಗುಂಡು ಜಾರಿ ಹೊರಗೆ ಬರುತ್ತದೆ. ಅದಕ್ಕೇ ಆಮೇಲೆ ಮತ್ತೆ ಮತ್ತೆ ಎಕ್ಸ್‌ರೇ ತೆಗೆದು, ಕೂರಿಸಿದ್ದು ಕೂರಿಸಿದಲ್ಲೇ ಇದೆಯೇ ಎಂದು ನೋಡುವುದು.

ಆಪರೇಷನ್ ಆಯಿತು. ಸೊಂಟವೇನೋ ಸರಿಹೋಯಿತು, ಅಮ್ಮನೇ ಮೂರು ದಿನ ಎಲ್ಲೋ ಹೋಗಿಬಿಟ್ಟಳು. ಮತ್ತಿನ ಔಷಧಿ ಅವಳಿಗೆ ಆಗಿಬರಲಿಲ್ಲ. ಎದೆಬಡಿತ ಏರುಪೇರಾಯಿತು. ನನ್ನನ್ನು ನೋಡಿ, ತೀರಿಹೋದ ದೊಡ್ಡಮ್ಮನ ಹೆಸರು ಹಿಡಿದು ಕರೆದಳು. ಕಾಣದ ತಂತಿಗಳನ್ನು ಗಾಳಿಯಲ್ಲಿ ಹುಡುಕಿ ಸಿಕ್ಕಿಸುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಂಡು ಕೂತಿದ್ದೆ. ನಾಲ್ಕನೇ ದಿನ ಎಚ್ಚರ ತಿಳಿದಾಗ ಅವಳು ಮೊದಲು ಹೇಳಿದ್ದು, ಸತ್ತರೂ ಇನ್ನೊಂದು ಸಲ ಆ ಆಪರೇಷನ್ ಮೇಜಿನ ಮೇಲೆ ನನ್ನನ್ನು ಮಲಗಿಸಬೇಡಿ ಎಂದು. ಇನ್ಯಾಕೆ ಮಲಗಿಸುತ್ತೇವೆ, ಎಲ್ಲ ಮುಗೀತಲ್ಲ ಎಂದು ಸಮಾಧಾನ ಹೇಳಿ ನಮ್ಮ ಮನೆಗೇ ಕರೆದುಕೊಂಡು ಬಂದೆ.

ಆರು ವಾರವಾದ ಮೇಲೆ ಒಂದು ಶುಕ್ರವಾರ ತೋರಿಸಲು ಹೋದೆವು. ಅಮ್ಮನದು ಒಂದೇ ದೂರು: ಎಡಗಾಲು ಉದ್ದವಾದ ಹಾಗಿದೆ, ಇಲ್ಲದ ಮೆಟ್ಟಿಲು ಇಳಿದ ಹಾಗೆ ಹೆಜ್ಜೆ ಬೀಳುತ್ತದೆ. ಡಾಕ್ಟರು ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂದರು. ಅವತ್ತು ಇವರ ಸಹಾಯಕಿ ರಜೆ. ಆಪರೇಷನ್ನಿನ ಮರುದಿನ ಹಾಸಿಗೆಯ ಹತ್ತಿರಕ್ಕೇ ಯಂತ್ರ ತಳ್ಳಿಕೊಂಡು ಬಂದು ಅಮ್ಮನ ಎಕ್ಸ್‌ರೇ ತೆಗೆದವಳು ಆಕೆಯೇ. ಈಗ ಕೋಣೆಯಲ್ಲಿ ಇವರು, ಅಮ್ಮ, ಮಧ್ಯೆ ಎಕ್ಸ್‌ಚೇಂಜ್.

‘ಸ್ವಲ್ಪ ಮೇಲಕ್ಕೆ ಜರುಗೋಕೆ ಹೇಳು’ ಎಂದರು ಇವರು, ಗೋಡೆ ನೋಡುತ್ತ.

‘ಜರುಗಿದೀನಿ ಅಂತ ಅಳಿಯಂದಿರಿಗೆ ಹೇಳು’ ಎಂದಳು ಅಮ್ಮ, ಚಾವಣಿ ನೋಡುತ್ತ.

ನನಗೆ ನಗು ತಡೆಯಲಾಗಲಿಲ್ಲ. ಈಗ ಬರೆಯುವಾಗ ಆ ನಗುವಿಗೆ ನಾಚಿಕೆಯಾಗುತ್ತದೆ. ಇವರು ಮೇಜಿನ ಹತ್ತಿರ ಬಂದರು. ರೂಢಿಯಂತೆ ಎರಡೂ ಕೈ ಮುಂದೆ ಬಂದವು. ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿದಳು. ಇವರ ಕಿವಿ ಕೆಂಪಾಯಿತು, ಬಂದ ಕೈಗಳು ಹಾಗೇ ಹಿಂದಕ್ಕೆ ಹೋಗಿ ಬೆನ್ನ ಹಿಂದೆ ಕಟ್ಟಿಕೊಂಡವು. ಮೇಜಿನ ಕಾಲ ಬದಿಗೆ ಹೋಗಿ, ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆ ನೋಡುವ ಹಾಗೆ ನೋಡಿ ಸರಿ ಇದೆ ಎಂದರು. ನಾವಿಬ್ಬರೂ ಸೀಸದ ಗಾಜಿನ ಹಿಂದೆ ಹೋದೆವು. ಇವರು ಗುಂಡಿ ಒತ್ತಿದರು. ಯಾವಾಗಲೂ ಪರದೆಯ ಮೇಲೆ ಚಿತ್ರ ಮೂಡಿದ ಮೇಲೆ ಅದನ್ನು ಇಂಚಿಂಚು ನೋಡುವವರು ಅವತ್ತು ಪರದೆ ನೋಡಲಿಲ್ಲ. ಅತ್ತೆ ತಾವೇ ಇಳಿಯಲು ಹೋಗಿ ಬಿದ್ದಾರು ಎಂದು ಮೇಜಿನ ಕಡೆ ನೋಡುತ್ತ ‘ಬೇಗ ಹೋಗಿ ಹಿಡ್ಕೋ’ ಎಂದು ನನ್ನನ್ನು ಓಡಿಸಿದರು.

ಅರ್ಧ ಗಂಟೆಯ ಮೇಲೆ ಡಾಕ್ಟರು ಎರಡು ಎಕ್ಸ್‌ರೇಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು, ಆಪರೇಷನ್ನಿನ ಮರುದಿನದ್ದು ಮತ್ತು ಅವತ್ತಿನದು. ಮುಖದಲ್ಲಿ ಕಳೆ ಇರಲಿಲ್ಲ. ಬಟ್ಟಲು ಆಪರೇಷನ್ ಆದಾಗ ಇದ್ದ ಹಾಗೆ ಇವತ್ತು ಇಲ್ಲ, ಬಾಯಿ ತಿರುಗಿದ ಹಾಗೆ ಕಾಣುತ್ತದೆ ಎಂದರು. ಬಟ್ಟಲು ಮೂಳೆಗೆ ಕಚ್ಚಿಕೊಳ್ಳದೆ ಸಡಿಲವಾಗಿರಬೇಕು, ಕಾಲು ಉದ್ದ ಅನ್ನಿಸುವುದೂ ಅದಕ್ಕೇ ಇರಬಹುದು, ಗುಂಡು ಜಾರುವ ಮೊದಲು ಮತ್ತೆ ತೆರೆದು ಕೂರಿಸಬೇಕು. ನಾನು, ಮೊದಲನೆಯ ಎಕ್ಸ್‌ರೇಯೇ ಸರಿ ಇಲ್ಲದಿರಬಹುದಲ್ಲ ಎಂದು ಕೇಳಿದೆ. ಅದು ಹಾಸಿಗೆಯಲ್ಲಿ ತೆಗೆದದ್ದು, ಹೆಚ್ಚು ಕಡಿಮೆ ಇದ್ದೀತು ಎಂದು ಅವರೂ ಒಪ್ಪಿದರು. ಆಮೇಲೆ ಅವತ್ತಿನದರ ಮೇಲೆ ಬೆರಳಿಟ್ಟು ಹೇಳಿದರು.

‘ಇದು ನೆಟ್ಟಗೆ ಸಾರ್ ತೆಗೆದಿದ್ದು ಕಣಮ್ಮ. ಇದರಲ್ಲಿ ತಪ್ಪಿರಲ್ಲ.’

ಮುಂದಿನ ಗುರುವಾರಕ್ಕೆ ದಿನ ಗೊತ್ತಾಯಿತು. ಸೋಮವಾರ ರಕ್ತ ಪರೀಕ್ಷೆ, ಹೃದಯದ ಪರೀಕ್ಷೆ. ಈ ವಯಸ್ಸಿಗೆ, ಈ ಎದೆಬಡಿತಕ್ಕೆ, ಎರಡನೇ ಸಲ ಸುಲಭ ಅಲ್ಲ ಎನ್ನುವುದನ್ನೂ ಡಾಕ್ಟರು ಮುಚ್ಚಿಡಲಿಲ್ಲ.

ಮನೆಗೆ ಬಂದ ಅಮ್ಮ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಶನಿವಾರ ಇಡೀ ದಿನ ತನ್ನ ಪೆಟ್ಟಿಗೆ ತೆಗೆದು ಯಾವ ಸೀರೆ ಯಾರಿಗೆ, ಯಾವ ಪಾತ್ರೆ ಯಾರಿಗೆ ಎಂದು ಚೀಟಿ ಬರೆದು ಸಿಕ್ಕಿಸುತ್ತ ಕೂತಳು. ನನಗೆ ಒಂದು ಕಂದು ಸೀರೆ ಬಂತು. ಈ ಬಣ್ಣ ನನಗೆ ಯಾವತ್ತಾದರೂ ಹಿಡಿಸಿದ್ದುಂಟಾ ಎಂದು ಜಗಳ ತೆಗೆದೆ. ಅವಳ ಜೊತೆ ಜಗಳವಾಡುತ್ತಿರುವಷ್ಟು ಹೊತ್ತು ಅವಳು ಎಲ್ಲೂ ಹೋಗುವುದಿಲ್ಲ ಎನ್ನುವ ಧೈರ್ಯ ನನಗೆ. ಸಂಜೆ ಅವಳು ವಾಕರ್ ಹಿಡಿದು ನಮ್ಮ ಕೋಣೆಯ ಬಾಗಿಲವರೆಗೆ ಬಂದು, ಇವರು ಒಳಗೆ ಕೂತಿರುವಾಗಲೇ, ನನಗೆ ಹೇಳಿದಳು: ‘ನಾನು ಕುಂಟಿಕೊಂಡೇ ಇರ್ತೀನಿ, ಪರವಾಗಿಲ್ಲ. ಆಪರೇಷನ್ ಬೇಡ ಅಂತ ಡಾಕ್ಟರಿಗೆ ಹೇಳೋಕಾಗುತ್ತಾ ಅಂತ ಅಳಿಯಂದಿರನ್ನ ಕೇಳು.’

ನಾನು ಇವರ ಕಡೆ ತಿರುಗಿದೆ. ಇವರ ಕಣ್ಣು ಬೀರುವಿನ ಮೇಲಿತ್ತು. ಆ ಶುಕ್ರವಾರದಿಂದ ಇವರು ಯಾರ ಜೊತೆಯೂ ಸರಿಯಾಗಿ ಮಾತಾಡಿರಲಿಲ್ಲ. ಕ್ಯಾಲೆಂಡರ್ ವಾಲಿತ್ತು, ಅದನ್ನೂ ನೋಡಿರಲಿಲ್ಲ. ಅತ್ತೆಯ ಮೇಲೆ ಇಷ್ಟೊಂದು ಪ್ರೀತಿ ಇತ್ತೇ ಎಂದು ನಾನು ಬೆರಗಾದೆ. ಅದು ಪ್ರೀತಿ ಮಾತ್ರ ಅಲ್ಲ, ಕುಂಬಳಕಾಯಿ ಕಳ್ಳನ ಹೆಗಲು ಎಂದು ಗೊತ್ತಾದದ್ದು ಸೋಮವಾರ ಬೆಳಗ್ಗೆ.

ಒಲೆಯ ಮೇಲೆ ಹಾಲಿಟ್ಟು, ನೋಡಿಕೊಳ್ಳಿ ಎಂದು ಇವರಿಗೆ ಹೇಳಿ ಬಟ್ಟೆ ಒಣಹಾಕಲು ಹೋಗಿದ್ದೆ. ವಾಪಸ್ ಬಂದರೆ ಹಾಲು ಉಕ್ಕಿ ಒಲೆಯೆಲ್ಲ ಹರಿದು ಸೀದ ವಾಸನೆ. ಇವರು ಪಕ್ಕದಲ್ಲೇ ನಿಂತಿದ್ದಾರೆ, ಅಮ್ಮನ ಎಕ್ಸ್‌ರೇ ಫಿಲ್ಮನ್ನು ಅಡುಗೆಮನೆಯ ಕಿಟಕಿಯ ಗಾಜಿಗೆ ಒತ್ತಿ ಹಿಡಿದುಕೊಂಡು. ನನಗೆ ಮೈಯೆಲ್ಲ ಉರಿಯಿತು. ಅದನ್ನು ನೋಡಿ ನೋಡಿ ತಿರುಗಿದ ಬಟ್ಟಲು ನೆಟ್ಟಗಾಗುತ್ತದೆಯೇ ಎಂದು ರೇಗಿದೆ.

ಇವರು ಫಿಲ್ಮಿನ ಮೇಲೆ ಎರಡು ಕಡೆ ಬೆರಳಿಟ್ಟರು. ಸೊಂಟದ ಮೂಳೆಯ ಕೆಳಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ತೂತು ಇರುತ್ತವೆ, ಇವರು ಅವನ್ನು ಕಿಟಕಿ ಎನ್ನುತ್ತಾರೆ. ಮಲಗಿದವರು ನೆಟ್ಟಗಿದ್ದರೆ ಎರಡು ಕಿಟಕಿಯೂ ಒಂದೇ ಅಳತೆಗೆ ಕಾಣಬೇಕಂತೆ. ನನ್ನಂಥ ಏನೂ ಓದದವಳಿಗೂ ಕಂಡಿತು: ಒಂದು ಅಗಲವಾಗಿತ್ತು, ಇನ್ನೊಂದು ಸಣ್ಣಗೆ ಮುಚ್ಚಿಕೊಂಡ ಹಾಗಿತ್ತು. ಬೆನ್ನ ತುದಿಯ ಮೂಳೆಯೂ ನಡುಮಧ್ಯದಲ್ಲಿ ಇರುವುದು ಬಿಟ್ಟು ಪಕ್ಕಕ್ಕೆ ಹೋಗಿತ್ತು.

‘ಬಟ್ಟಲು ತಿರುಗಿದೆಯೋ ಇಲ್ವೋ ನನಗೆ ಗೊತ್ತಿಲ್ಲ’ ಎಂದರು. ‘ಅತ್ತೆ ಅಂತೂ ತಿರುಗಿಕೊಂಡು ಮಲಗಿದ್ರು. ನಾನು ಕೈ ಇಡಲಿಲ್ಲ.’

ಶುಕ್ರವಾರದಿಂದ ಇದೇ ಅನುಮಾನ ಕೊರೆಯುತ್ತಿತ್ತಂತೆ. ಫಿಲ್ಮು ನಮ್ಮ ಬೀರುವಿನಲ್ಲೇ ಇತ್ತು. ತೆಗೆದು ನೋಡಲು ಮೂರು ದಿನ ಧೈರ್ಯ ಬರಲಿಲ್ಲವಂತೆ. ನಾನು ಬಾಯಿಗೆ ಬಂದಂತೆ ಬೈದೆ. ಮೂರು ದಿನ ಮುದುಕಿ ಸೀರೆ ಹಂಚುತ್ತ ಕೂತಿದ್ದಾಳೆ, ನಿಮಗೆ ಮಾನದ ಚಿಂತೆ, ಊರಿಗೆಲ್ಲ ಹೆಬ್ಬೆರಳು ಇಡುವವರಿಗೆ ಮನೆಯವರ ಹತ್ತಿರ ಬಂದಾಗ ಬೆರಳು ಮುರಿದಿತ್ತೇ ಎಂದೆಲ್ಲ ಅಂದೆ. ಇವರು ಒಲೆ ಒರೆಸಿದರು. ಬೈಯುವಾಗ ನನಗೂ ಒಳಗೊಳಗೇ ಚುಚ್ಚುತ್ತಿತ್ತು. ಗೋಡೆ ನೋಡುವವರನ್ನೂ ಚಾವಣಿ ನೋಡುವವಳನ್ನೂ ನೋಡಿ ಅವತ್ತು ನಕ್ಕವಳು ನಾನೇ ತಾನೆ.

ರಕ್ತ ಪರೀಕ್ಷೆಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕಿತ್ತು, ಮೂವರೂ ಒಟ್ಟಿಗೇ ಹೋದೆವು. ಇವರು ಫಿಲ್ಮು ಹಿಡಿದು ನೇರವಾಗಿ ಡಾಕ್ಟರ ಕೋಣೆಗೆ ನಡೆದರು. ಹಿಂದೆ ನಾನು, ನನ್ನ ಹಿಂದೆ ಶಾಲು ಹೊದ್ದು, ವಾಕರ್ ಟಕ್ ಟಕ್ ಎನ್ನಿಸುತ್ತ ಅಮ್ಮ. ಇವರು ಮೀನಮೇಷ ಎಣಿಸಲಿಲ್ಲ. ಕಡ್ಡಿ ಮುರಿದ ಹಾಗೆ ಹೇಳಿದರು: ಶುಕ್ರವಾರದ ಎಕ್ಸ್‌ರೇ ಸರಿಯಾಗಿಲ್ಲ, ಅದನ್ನು ನೋಡಿ ಏನನ್ನೂ ತೀರ್ಮಾನ ಮಾಡಬೇಡಿ, ಇನ್ನೊಂದು ತೆಗೆಯಲು ಅಪ್ಪಣೆ ಕೊಡಿ. ಡಾಕ್ಟರು ಚಿತ್ರವನ್ನು ಮತ್ತೆ ಎಳೆದುಕೊಂಡು ನೋಡಿದರು. ಎರಡು ಕಿಟಕಿ ನೋಡಿದರು. ಹಣೆ ಉಜ್ಜಿಕೊಂಡರು. ಬೇರೆ ಯಾರದೇ ಆಗಿದ್ದರೆ ಮೊದಲು ಇದನ್ನೇ ನೋಡುತ್ತಿದ್ದೆ, ನಿಮ್ಮದು ಎಂದು ನೋಡುವ ಗೋಜಿಗೇ ಹೋಗಲಿಲ್ಲ, ತಪ್ಪು ನನ್ನದೂ ಇದೆ ಎಂದರು. ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಎಕ್ಸ್‌ರೇ ಓರೆಯಾಗಿದೆ ಅಂದ ಮಾತ್ರಕ್ಕೆ ಬಟ್ಟಲು ಸರಿ ಇದೆ ಎಂದಲ್ಲ, ಎರಡೂ ಆಗಿರಬಹುದು.

ಎಕ್ಸ್‌ರೇ ಕೋಣೆಯಲ್ಲಿ ಸಹಾಯಕಿ ರಜೆ ಮುಗಿಸಿ ಬಂದಿದ್ದಳು. ಇವರ ಮುಖ ನೋಡಿ, ತಾನೇ ತೆಗೆಯುತ್ತೇನೆ ಎಂದಳು. ಅವಳು ತೆಗೆದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದು ನನಗೂ ಅನ್ನಿಸಿತು. ಇವರು ಬೇಡ ಎಂದು ತಲೆಯಾಡಿಸಿದರು. ಅಮ್ಮ ಮೇಜಿನ ಮೇಲೆ ಮಲಗಿದಳು. ಇವರು ಪಕ್ಕಕ್ಕೆ ಹೋಗಿ ನಿಂತರು. ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ, ಹೇಳು ಎಂದರೆ ಹೇಳಲು. ಇವರು ನನ್ನ ಕಡೆ ತಿರುಗಲೇ ಇಲ್ಲ.

‘ಅತ್ತೆ, ಕೈ ಇಡ್ತೀನಿ.’

ಅಮ್ಮ ಕಣ್ಣು ಮುಚ್ಚಲಿಲ್ಲ. ‘ಇಡಿ’ ಎಂದಳು.

ಎರಡು ಹೆಬ್ಬೆರಳು ಸೊಂಟದ ಎರಡು ಮೂಳೆಯ ಮೇಲೆ ಇಳಿದವು. ಇವರು ಬಗ್ಗಿ ನೋಡಿದರು. ಎಡಗಡೆಯದು ಮೇಲಿತ್ತು. ಹುಬ್ಬು ಗಂಟಿಕ್ಕಿ, ಮತ್ತೊಮ್ಮೆ ‘ಕೈ ಇಡ್ತೀನಿ’ ಎಂದು ಹೇಳಿ, ಎಡಗೈಯನ್ನು ನಿಧಾನವಾಗಿ ಅಮ್ಮನ ಬೆನ್ನ ಕೆಳಗೆ ತೂರಿಸಿದರು. ಹೊರಗೆ ಬಂದದ್ದು ಅಮ್ಮನ ಉಣ್ಣೆ ಶಾಲು. ನಾಲ್ಕು ಮಡಿಕೆ ಮಾಡಿ, ಎಡ ಸೊಂಟದ ಕೆಳಗೆ ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದಳು.

‘ಮೇಜು ಮಂಜುಗಡ್ಡೆ ಥರ ಇರುತ್ತೆ, ಆ ಕಡೆ ಒತ್ತಿದ್ರೆ ನೋವು’ ಎಂದಳು ಅಮ್ಮ, ಇವರ ಮುಖವನ್ನೇ ನೋಡುತ್ತ. ‘ಅವತ್ತೂ ಇಟ್ಕೊಂಡಿದ್ದೆ. ಹೇಳಿದ್ರೆ ತೆಗೆಸ್ತೀರೇನೋ ಅಂತ ಹೇಳಲಿಲ್ಲ.’

ಲೋಹವಾಗಿದ್ದರೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತಿತ್ತು, ಉಣ್ಣೆ ಎಲ್ಲಿ ಕಾಣಬೇಕು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇವರು ಶಾಲನ್ನು ನನ್ನ ಕೈಗೆ ಕೊಟ್ಟರು. ಮೆತ್ತನೆಯ ಹಾಸೊಂದನ್ನು ತಂದು ಮೇಜಿನ ಉದ್ದಕ್ಕೂ ಎರಡೂ ಕಡೆಗೆ ಸಮವಾಗಿ ಹಾಸಿದರು. ಅದು ಅಲ್ಲೇ ಬೀರುವಿನಲ್ಲಿತ್ತು, ಯಾರಾದರೂ ಕೇಳಿದ್ದರೆ ಅವತ್ತೇ ಸಿಗುತ್ತಿತ್ತು. ಮತ್ತೆ ಹೆಬ್ಬೆರಳು ಇಟ್ಟು ನೋಡಿ, ಪಾದ ಜೋಡಿಸಿ, ಮರಳಿನ ಚೀಲ ಒತ್ತರಿಸಿ ಗಾಜಿನ ಹಿಂದೆ ಬಂದು ಗುಂಡಿ ಒತ್ತಿದರು. ಈ ಸಲ ಕಣ್ಣು ಪರದೆಯಿಂದ ಕದಲಲಿಲ್ಲ. ಎರಡು ಕಿಟಕಿಗಳು ಅವಳಿ ಮಕ್ಕಳ ಹಾಗೆ ಒಂದೇ ಸಮ ಮೂಡಿದವು. ಬಟ್ಟಲಿನ ವಿಷಯ ನನಗೆ ಅರ್ಥವಾಗಲಿಲ್ಲ. ಇವರಿಗೆ ಅರ್ಥವಾಗಿತ್ತೇನೋ, ಆದರೆ ಹೇಳುವ ಕೆಲಸ ತಮ್ಮದಲ್ಲ ಎಂದು ಡಾಕ್ಟರನ್ನು ಕರೆದರು.

ಡಾಕ್ಟರು ಬಂದು ಪರದೆಯ ಮೇಲೆ ಗೆರೆ ಎಳೆದು ಅಳೆದರು. ಅಳೆದದ್ದನ್ನೇ ಇನ್ನೊಮ್ಮೆ ಅಳೆದರು. ಆಪರೇಷನ್ನಿನ ಮರುದಿನದ ಎಕ್ಸ್‌ರೇ ತರಿಸಿ ಪಕ್ಕಕ್ಕಿಟ್ಟುಕೊಂಡರು. ಆ ಹತ್ತು ನಿಮಿಷದಲ್ಲಿ ನಾನು ಅಮ್ಮನ ಶಾಲನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದೆ. ಕೊನೆಗೆ ಅವರು ಜೇಬಿನಿಂದ ಒಂದು ಚೀಟಿ ತೆಗೆದರು, ಹಿಂಬದಿಯಲ್ಲಿ ಬಟ್ಟಲೊಂದನ್ನು ಬರೆದರು, ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ಬರೆದು ಅಮ್ಮನ ಕೈಗೆ ಕೊಟ್ಟರು. ಅವತ್ತು ಇಟ್ಟದ್ದು ಇಟ್ಟಲ್ಲೇ ಇದೆ, ಒಂದು ಕೂದಲಷ್ಟೂ ಅಲುಗಿಲ್ಲ. ಎರಡು ಕಾಲಿನ ವ್ಯತ್ಯಾಸ ಎರಡು ನಾಣ್ಯದ ದಪ್ಪವೂ ಇಲ್ಲ. ಇಷ್ಟು ವರ್ಷ ಸವೆದು ಗಿಡ್ಡವಾಗಿದ್ದ ಕಾಲು ಈಗ ಸರಿಯಾಗಿರುವುದರಿಂದ ಉದ್ದ ಅನ್ನಿಸುತ್ತದೆ, ನಡೆದು ನಡೆದು ಹೊಂದಿಕೊಳ್ಳುತ್ತದೆ. ಗುರುವಾರ ಬರುವುದು ಬೇಡ ಎಂದರು.

ಆಗ ಅಮ್ಮ ಅತ್ತಳು. ಮೂರು ದಿನದಿಂದ ತಡೆದಿದ್ದೆಲ್ಲ ಬಂತು. ನಾನೂ ಅತ್ತೆ, ಶಾಲು ಕಣ್ಣೊರೆಸುವುದಕ್ಕಾದರೂ ಉಪಯೋಗಕ್ಕೆ ಬಂತು. ಕಂದು ಸೀರೆಯನ್ನು ಇವತ್ತೇ ವಾಪಸ್ ತಗೋ ಎಂದೆ.

ಹೊರಡುವಾಗ ಬಾಗಿಲ ಪಕ್ಕದಲ್ಲಿ ಇವರು ನಿಂತರು. ದಾರಕ್ಕೆ ತೂಗಿದ್ದ ರಿಪೀಟ್ ಪುಸ್ತಕವನ್ನು ಬಿಡಿಸಿಕೊಂಡು ಹೊಸ ಸಾಲಿಗೆ ಬಂದರು. ದಿನಾಂಕ ಬರೆದರು. ಸೊಂಟ ಎಂದು ಬರೆದರು. ಕಾರಣದ ಜಾಗದಲ್ಲಿ ಪೆನ್ನು ನಿಂತಿತು. ಸಹಾಯಕಿ ಬೇರೆ ಕಡೆ ನೋಡಿದಳು. ಇವರ ಹಿಂದೆ ವಾಕರ್ ಟಕ್ ಎಂದಿತು.

‘ನಾನೇ ಅಲುಗಾಡಿದೆ ಅಂತ ಬರೀರಿ’ ಎಂದಳು ಅಮ್ಮ, ನೇರವಾಗಿ ಇವರಿಗೇ. ‘ಎಲ್ಲರೂ ಹಾಗೇ ಬರೆದಿದಾರಂತಲ್ಲ. ಶಾಲು ಇಟ್ಟಿದ್ದು ನಾನು ತಾನೆ? ಸುಳ್ಳೇನಲ್ಲ.’

‘ಕೈ ಇಟ್ಟಿದ್ರೆ ಶಾಲು ಸಿಗ್ತಿತ್ತು ಅತ್ತೆ’ ಎಂದರು ಇವರು.

ಬರೆದರು, ಸಹಿ ಹಾಕಿದರು, ಪುಸ್ತಕವನ್ನು ಮತ್ತೆ ದಾರಕ್ಕೆ ಸಿಕ್ಕಿಸಲು ಹೋದರು. ಅಮ್ಮ ಕೈ ಚಾಚಿದಳು. ಕೊಡದೆ ವಿಧಿಯಿಲ್ಲ. ಅವಳು ಕನ್ನಡಕ ಏರಿಸಿಕೊಂಡು, ಪುಸ್ತಕವನ್ನು ವಾಕರಿನ ಮೇಲಿಟ್ಟುಕೊಂಡು ಓದಿದಳು. ನಾನೂ ಭುಜದ ಮೇಲಿಂದ ಇಣುಕಿದೆ. ಮೇಲಿಂದ ಕೆಳಗಿನವರೆಗೆ ‘ರೋಗಿ ಅಲುಗಾಡಿದರು’ ಎಂಬ ಸಾಲುಗಳು, ಎಲ್ಲಕ್ಕಿಂತ ಕೆಳಗೆ ಇವರದು: ‘ನಾನು ಕೈ ಇಟ್ಟು ನೋಡಲಿಲ್ಲ.’ ಗೆರೆಯ ಮೇಲೆ ಹೊರಟ ಅಕ್ಷರಗಳು ಒಂದೊಂದಾಗಿ ಕೆಳಗಿಳಿದು, ಕೊನೆಯ ಅಕ್ಷರ ಮುಂದಿನ ಸಾಲಿನಲ್ಲಿ ಕಾಲಿಟ್ಟಿತ್ತು.

ಅಮ್ಮ ಅದನ್ನು ಎರಡು ಸಲ ಓದಿ ಪುಸ್ತಕ ಮುಚ್ಚಿದಳು.

‘ಎಲ್ಲ ಸರಿ ಅಳಿಯಂದಿರೇ’ ಎಂದಳು. ‘ಬರೆದಿದ್ದು ಮಾತ್ರ ಸೊಟ್ಟಗಾಗಿದೆ.’

ಇವರು ಈ ಸಲ ತಮಾಷೆಯನ್ನು ತಕ್ಷಣ ತಿಳಿದುಕೊಂಡರು. ಅತ್ತೆಯ ಎದುರಿಗೆ ನಿಂತು, ಅವಳ ಮುಖ ನೋಡಿಕೊಂಡು ನಕ್ಕರು. ನಾನು ವಾಕರಿನ ಮುಂದಿದ್ದ ಕುರ್ಚಿ ಸರಿಸಿ ಇಬ್ಬರಿಗೂ ದಾರಿ ಬಿಟ್ಟೆ.